ತೆರೆಯದ ಬಯೋಡೇಟಾ

"ನಿಮ್ಮ ಮಗಳ ಬಯೋಡೇಟಾ ತೆರೀವಲ್ದುರೀ."

2008ರ ಒಂದು ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಶಂಕರೆಪ್ಪನವರು ಚಹಾದ ಕಪ್ಪು-ಬಸಿ ಕೈಯಲ್ಲಿ ಹಿಡಿದೇ ಫೋನೆತ್ತಿದ್ದರು. ಮಾತಾಡುತ್ತಿದ್ದವನು ವಿಜಯಕುಮಾರ, ಸಾನಪಾಡಾದ ಹುಡುಗ, ರಬಾಳೆಯ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಹೋದ ವಾರವಷ್ಟೇ ಅವನ ಇ-ಮೇಲಿಗೆ ಮಗಳು ಶೈಲಶ್ರೀಯ ಬಯೋಡೇಟಾ ಹೋಗಿತ್ತು. ಗಂಡಿನ ಕಡೆಯವರು ತಾವಾಗಿ ಫೋನು ಮಾಡಿದ್ದು ಇದೇ ಮೊದಲು. ಅವರು ಕಪ್ಪು-ಬಸಿ ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡರು.

ಒಂದು ವರ್ಷದಿಂದ ಎಷ್ಟು ಮನೆಗೆ ಕಳಿಸಿದ್ದರೋ! ಥಾಣೆ, ಕಲ್ಯಾಣ, ಸೊಲ್ಲಾಪುರ, ಎಲ್ಲಿಂದಲೂ ಹಾಂ ಇಲ್ಲ, ಹೂಂ ಇಲ್ಲ. ಉತ್ತರ ಬರದಿದ್ದರೆ ಬೇಡ ಅಂತಲೇ ಅರ್ಥ, ಹೆಣ್ಣಿನ ಕಡೆಯವರು ಬಾಯಿಬಿಟ್ಟು ಮತ್ತೆ ಕೇಳಬಾರದು. ಅದು ಅವರಲ್ಲಿಯ ರಿವಾಜು, ಸುಡುಗಾಡು ರಿವಾಜು. ಕಾರಣ ತಾನೇ ಎಂದು ಶಂಕರೆಪ್ಪನವರಿಗೆ ಖಾತ್ರಿಯಾಗಿತ್ತು. ಬಯೋಡೇಟಾದ ಕೊನೆಗೆ ಮಗಳು ಒಂದು ಸಾಲು ಸೇರಿಸಿದ್ದಳು: ನನಗೆ ತಾಯಿ ಇಲ್ಲ, ಮದುವೆಯಾದ ಮೇಲೂ ಅಪ್ಪ ನನ್ನ ಜೊತೆಯಲ್ಲೇ ಇರುತ್ತಾರೆ. "ಅದನ್ನ ತಗಿಯವಾ. ಅಳ್ಯಾನ ಮನ್ಯಾಗ ಮಾವ ಹೋಗಿ ಕುಂದ್ರೂದು ಚೆಂದೇನು? ನನ್ನ ಸಲುವಾಗಿ ನಿನ್ನ ಬಾಳೆ ನಿಂತೈತಿ" ಎಂದು ಅವರು ಗೋಗರೆದದ್ದೂ ಆಗಿತ್ತು. ಜಪ್ಪಯ್ಯ ಅಂದರೂ ಅವಳು ತೆಗೆದಿರಲಿಲ್ಲ.

ಫೈಲು ತೆರೆಯುವುದಿಲ್ಲ ಅಂದರೆ ಏನು ಅಂತ ಶಂಕರೆಪ್ಪನವರಿಗೆ ತಿಳಿಯಲಿಲ್ಲ, ಮಗಳನ್ನೇ ಕೂಗಿದರು. ಆದರೆ ಹೆಣ್ಣು ನೋಡುವ ಶಾಸ್ತ್ರಕ್ಕೂ ಮೊದಲೇ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವುದೇ? ಸ್ಪೀಕರ್ ಹಾಕಿ ಮೊಬೈಲನ್ನು ಕಂಪ್ಯೂಟರಿನ ಮುಂದಿಟ್ಟು, ತಾವು ಪಕ್ಕದಲ್ಲೇ ನಿಂತುಕೊಂಡರು. ಮರ್ಯಾದೆ ಉಳಿಯಿತು.

"ಏನ್ ಕಾಣ್ತದ್ರಿ ನಿಮಗ?" ಎಂದಳು ಶೈಲಶ್ರೀ.

"ಕ್ಲಿಕ್ ಮಾಡಿದ ಕೂಡ್ಲೆ, ಇದನ್ನ ಯಾವ ಪ್ರೋಗ್ರಾಮಿನ್ಯಾಗ ತೆಗೀಲಿ ಅಂತ ನನ್ನನ್ನ ಕೇಳ್ತುರಿ. ನೋಟ್‌ಪ್ಯಾಡ್ ಅಂದೆ. ಯಾವಾಗ್ಲೂ ಇದ್ರಾಗ ತೆಗಿ ಅಂತ ಒಂದು ಟಿಕ್ ಇತ್ತು, ಇರ್ಲಿ ಬಿಡು ಅಂದೆ. ಈಗ ಎಷ್ಟು ಸಲ ತೆಗದ್ರೂ ಬರೇ ಚೌಕ, ಪ್ರಶ್ನಾರ್ಥಕ ಚಿಹ್ನಿ. ನಿಮ್ಮ ಫೋಟೋನೂ ಹಂಗ ಐತ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಅರೇ ದೇವಾ! ಫೈಲಿನ ಹೆಸರಿನ ಕೊನಿಗೆ, ಚುಕ್ಕಿ ಆದಮ್ಯಾಲೆ ಏನದ?"

"ಡಾಕ್, ಆಮ್ಯಾಲೆ ಒಂದು ಎಕ್ಸ್. ಆ ಎಕ್ಸ್ ಅಳಿಸಿನೂ ನೋಡಿದೆ. ವರ್ಡ್ ತೆಗೀತು, ಆದ್ರ ಒಳಗ ಅವೇ ಚೌಕ."

"ಬಾಲ ಕತ್ತರಿಸಿದ್ರ ಒಳಗಿಂದು ಬದಲಾಗ್ತದೇನ್ರಿ? ನಂದು ಹೊಸಾ ವರ್ಡ್, ನಿಮ್ದು ಜೂನಾ. ಫೈಲ್ ಯಾರ ಕೈಯಾಗ ಕೊಡ್ಬೇಕು ಅಂತ ಕಂಪ್ಯೂಟರ್ ಆ ಬಾಲ ನೋಡೇ ಠರಾಯಿಸ್ತದ. ನಿಮ್ಮ ಕಂಪ್ಯೂಟರಿಗೆ ಈ ಬಾಲದ ಗುರುತೇ ಇಲ್ಲ."

"ಒಳಗೇನೈತಿ ಅಂತ ನೋಡೂದಿಲ್ಲೇನು ಅದು?" ಶಂಕರೆಪ್ಪ ನಡುವೆ ಬಾಯಿ ಹಾಕಿದರು.

"ಇಲ್ಲಪ್ಪಾ."

"ಥೇಟ್ ಗಂಡಿನ ಕಡ್ಯಾವ್ರಂಗ!" ಅಂದುಬಿಟ್ಟು, ಸ್ಪೀಕರ್ ಚಾಲೂ ಇರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಆ ಕಡೆ ಹುಡುಗ ಜೋರಾಗಿ ನಕ್ಕ.

ಶೈಲಶ್ರೀ ಫೈಲನ್ನು ಹಳೆಯ ವರ್ಡಿಗೆ ಹೊಂದುವಂತೆ ಉಳಿಸಿ ಮತ್ತೆ ಕಳಿಸಿದಳು. ಕಳಿಸಿದವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. "ಅಪ್ಪಾ, ಕಲ್ಯಾಣದವ್ರ ಹತ್ರನೂ ಜೂನಾ ವರ್ಡೇ ಇದ್ದಿರ್ತದ. ಸೊಲ್ಲಾಪುರದವ್ರದೂ ಅದೇ. ಅವ್ರ್ಯಾರೂ ಬ್ಯಾಡ ಅಂದೇ ಇಲ್ಲೇನೋ. ಓದೇ ಇಲ್ಲೇನೋ."

ಶಂಕರೆಪ್ಪನವರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿ ಎಳೆದುಕೊಂಡು ಕುಳಿತರು. ಒಂದು ವರ್ಷ ತನ್ನನ್ನು ತಾನೇ ಶಪಿಸಿಕೊಂಡದ್ದು, ಊರಿಗೆ ಹೋಗಿ ಯಾವುದಾದರೂ ಮಠದಲ್ಲಿ ಬಿದ್ದುಕೊಂಡೇನು ಅಂದದ್ದು, ಎಲ್ಲ ಇದಕ್ಕೇನು? ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು. "ಒಬ್ಬಾರ ಫೋನ್ ಮಾಡಿ ತೆರೀವಲ್ದು ಅಂತ ಹೇಳಬಾರದಿತ್ತೇನು!"

"ತಮ್ಮ ಕಂಪ್ಯೂಟರಿಗೆ ಬರೂದಿಲ್ಲ ಅಂತ ಯಾರು ಹೇಳ್ಕೋತಾರ್ರೀ," ಎಂದ ವಿಜಯಕುಮಾರ. "ನನಗೂ ನಾಚಿಕಿನೇ ಆಗಿತ್ತು. ಹಾಂ, ಬಂತು ನೋಡ್ರಿ, ತೆರೀತು! ಅವ್ವ ಇಲ್ಲೇ ಕುಂತಾಳ, ಓದಿ ಹೇಳ್ತೀನಿ, ತಡೀರಿ."

ಹೆಸರು, ಓದು, ನೌಕರಿ, ಎತ್ತರ ಒಂದೊಂದೇ ಸ್ಪೀಕರಿನಿಂದ ಕೇಳಿಬಂತು. "ಆ ಸಾಲು ತಗದು ಕಳಿಸಬೇಕಿತ್ತವಾ" ಎಂದು ಶಂಕರೆಪ್ಪ ಪಿಸುಗುಟ್ಟಿದರು. ಶೈಲಶ್ರೀ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕೊನೆಯ ಸಾಲೂ ಬಂತು. ಆಮೇಲೆ ಆ ಕಡೆ ತಾಯಿ ಮಗನ ಗುಸುಗುಸು ಶುರುವಾಯಿತು.

ಶೈಲಶ್ರೀಯೇ ಕೇಳಿದಳು. "ಪೂರ್ತಿ ಓದಿದ್ರಲ್ಲಾ? ಮನಸ್ಸಿಗೆ ಬರದಿದ್ರ ಸೀದಾ ಹೇಳಿಬಿಡ್ರಿ, ಬ್ಯಾಸರ ಇಲ್ಲ. ಉಳಿದವ್ರಿಗೂ ಇವತ್ತ ಹಿಂಗೇ ಮತ್ತ ಕಳಿಸ್ತೀನಿ."

"ಕಳಿಸೂದು ಸ್ವಲ್ಪ ತಡೀರಿ," ಎಂದ ಅವನು. "ಅವ್ವ ಒಂದು ಮಾತು ಕೇಳಾಕತ್ಯಾಳ. ನಮ್ದು ಮೂರನೇ ಮಾಳಿಗಿ, ಲಿಫ್ಟ್ ಇಲ್ಲ. ನಿಮ್ಮಪ್ಪಾರಿಗೆ ದಿನಾ ಮೆಟ್ಲ ಹತ್ತಿ ಇಳಿಯೂದು ಆಗ್ತೈತೇನ್ ಅಂತ."

ಶೈಲಶ್ರೀ ಬಾಯಿ ತೆರೆಯುವಷ್ಟರಲ್ಲಿ ಶಂಕರೆಪ್ಪ ಎರಡೂ ಕೈಯಿಂದ ಮೊಬೈಲು ಎತ್ತಿಕೊಂಡಿದ್ದರು.

"ನಿಧಾನಕ ಹತ್ತತೀನಪಾ," ಎಂದರು.