ಅರವತ್ತೊಂದನೆಯ ಕೂಸು

ತಾಲ್ಲೂಕಿನ ಸಭೆಯಲ್ಲಿ ಆಶಾ ಕಾರ್ಯಕರ್ತೆ ನೀಲವ್ವಳಿಗೆ ಶಾಲು ಹೊದಿಸಿದರು. ಲಸಿಕೆ ಹಾಕಿಸುವುದರಲ್ಲಿ ಅವಳ ಊರು ಈ ತಿಂಗಳು ನೂರಕ್ಕೆ ನೂರು ಮುಟ್ಟಿತ್ತು. ಹೋದ ತಿಂಗಳು ಅರವತ್ತೊಂದು ಕೂಸುಗಳಲ್ಲಿ ಒಂದೇ ಒಂದು ಲಸಿಕೆಯಿಲ್ಲದೆ ಉಳಿದದ್ದಕ್ಕೆ ಇದೇ ಸಭೆಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಬೈದಿದ್ದರು.

ಆ ಕೂಸಿನ ಮನೆಗೆ ಅವಳು ಎಷ್ಟು ಗುರುವಾರ ಅಲೆದಿದ್ದಳೋ. ಕಡೆಯ ಸಲ ಕೂಸಿನ ತಾಯಿ ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

"ಈಗಷ್ಟ ಮಲಗೈತ್ರಿ ಅಕ್ಕಾರ. ಮಲಗಿದ ಕೂಸನ್ನ ಎಬ್ಬಿಸಿ ಸೂಜಿ ಚುಚ್ಚಿಸಿದ್ರ ನಮ್ಮತ್ತಿ ಬೈತಾರ. ಬರೋ ಗುರುವಾರ ಬರ್ರಿ."

ಬಾಗಿಲಿನಿಂದಲೇ ತೊಟ್ಟಿಲಿನತ್ತ ಇಣುಕಿ ನೋಡಿದ ನೀಲವ್ವಳಿಗೂ ಎಬ್ಬಿಸುವ ಮನಸ್ಸಾಗಿರಲಿಲ್ಲ.

ವೈದ್ಯಾಧಿಕಾರಿ ಮೈಕನ್ನು ಅವಳ ಕಡೆ ಚಾಚಿದರು. "ಆ ಹಟಮಾರಿ ಮನಿಯವರನ್ನ ಹೆಂಗ ಒಪ್ಪಿಸಿದ್ರಿ? ಉಳಿದವರಿಗೂ ಒಂದೀಟ ಹೇಳ್ರಿ."

ಚಪ್ಪಾಳೆ ನಿಲ್ಲುವವರೆಗೂ ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಒಪ್ಪಿಸಲಿಲ್ರಿ ಸರ. ಹೋದ ವಾರ ಆ ಕೂಸಿಗೆ ಗಂಟಲಮಾರಿ ಬಂತ್ರಿ. ಈಗ ನಮ್ಮೂರಾಗ ಇರೂದ ಅರವತ್ತ ಕೂಸ್ರಿ."