ಸರ್ವಾನುಮತ

"ಸದಸ್ಯರಿಗೆ ಮಾತ್ರ!" ಎಂದು ಗಿರಣಿ ಕಾರ್ಮಿಕರ ಸಂಘದ ಕಾರ್ಯದರ್ಶಿ ಬಾಗಿಲಿಗೆ ಅಡ್ಡಗೈ ಇಟ್ಟ. ಅಪ್ಪನನ್ನು ಒಳಗೆ ಬಿಟ್ಟ, ಹಿಂದೆಯೇ ಬಂದ ಮಗಳನ್ನು ತಡೆದ.

"ಮಾಮ, ಅಪ್ಪನಿಗೆ ಕಿವಿ ಕೇಳಲ್ಲ. ಪಕ್ಕದಲ್ಲಿ ಕೂತು ಕೈಸನ್ನೆ ಮಾಡ್ತೀನಿ, ಅಷ್ಟೇ. ಬಾಯಿ ಬಿಡಲ್ಲ."

"ನಿಯಮ ಅಂದ್ರೆ ನಿಯಮ ಕಣಮ್ಮ. ಇವತ್ತು ನಿನ್ನ ಬಿಟ್ರೆ ನಾಳೆ ಎಲ್ಲರೂ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಬರ್ತಾರೆ. ಬೇಕಾದ್ರೆ ನಿಮ್ಮಪ್ಪನಿಗೆ ಬರೆದು ತೋರಿಸ್ತೀವಿ."

"ಓದೋಕೆ ಬರಲ್ಲ ಅಂತ ನಿಮಗೆ ಗೊತ್ತಿಲ್ವಾ? ಒಂದೇ ಸಾಲಲ್ಲಿ ನಿಂತು ಮಗ್ಗ ಓಡಿಸಿದೋರು ನೀವು! ಆ ಮಗ್ಗದ ಸದ್ದಿಗೇ ಅಲ್ವಾ ಅಪ್ಪನ ಕಿವಿ ಹೋಗಿದ್ದು?"

ಕಾರ್ಯದರ್ಶಿ ಅವಳ ಮುಖಕ್ಕೇ ಬಾಗಿಲು ಹಾಕಿದ. ಅವಳ ಮೈಯೆಲ್ಲ ಉರಿದುಹೋಯಿತು. ಕಿವಿ ಕೇಳದವರನ್ನು ಕೆಲಸದಿಂದ ಬಿಡಿಸಲು ಸಂಘ ಒಪ್ಪಿದರೆ ಉಳಿದವರ ಕೂಲಿ ಏರಿಸುತ್ತೇವೆ ಎಂದು ಮಾಲೀಕರು ಆಸೆ ತೋರಿಸಿದ್ದರು. ಸಂಘ ಒಪ್ಪದಿದ್ದರೆ ಅಪ್ಪನನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ. ಅದನ್ನು ತೀರ್ಮಾನಿಸುವ ಸಭೆಗೆ ಅಪ್ಪನನ್ನು ಕರೆದು, ಅಪ್ಪನ ಕಿವಿಯನ್ನು ಬೀದಿಯಲ್ಲಿ ನಿಲ್ಲಿಸಿದ್ದರು. ಎಂಥ ಭಂಡರು!

ಅವಳು ದಾಪುಗಾಲು ಹಾಕಿ ಪಕ್ಕದ ಕಿಟಕಿಗೆ ಹೋದಳು. ಒಳಗೆ ಮೈಕು ಹಾಕಿದ್ದರಿಂದ ಒಂದೊಂದು ಮಾತೂ ರಸ್ತೆಗೆ ಕೇಳುತ್ತಿತ್ತು. ಅಪ್ಪ ಮೊದಲ ಸಾಲಿನಲ್ಲಿ ಕೂತು, ಯಾರ ತುಟಿ ಅಲುಗಿದರೆ ಅತ್ತ ತಿರುಗಿ ತಲೆಯಾಡಿಸುತ್ತಿದ್ದ.

"ಮಾಲೀಕರ ಮಾತಿಗೆ ಒಪ್ಪುವವರು ಕೈ ಎತ್ತಿ," ಎಂದ ಕಾರ್ಯದರ್ಶಿ.

ಒಂದು ಕೈ ಎದ್ದಿತು. ಮತ್ತೊಂದು. ಆಮೇಲೆ ಸಾಲಿಗೆ ಸಾಲೇ. ಅಪ್ಪ ಸುತ್ತ ನೋಡಿದ. ಪಕ್ಕದಲ್ಲಿ ಕೂತಿದ್ದ ಹಳೆಯ ಗೆಳೆಯನೂ ಎತ್ತಿದ್ದ. ಅಪ್ಪನ ಮುಖ ಅರಳಿತು. ಅವನೂ ಕೈ ಎತ್ತಿದ.

"ಅಯ್ಯೋ, ಬೇಡಪ್ಪಾ! ಕೈ ಇಳಿಸು!" ಅವಳು ಕಿಟಕಿಯ ಗಾಜಿಗೆ ಗುದ್ದಿದಳು, ಗಂಟಲು ಹರಿಯುವಂತೆ ಕಿರುಚಿದಳು. ಸಭೆಗೆ ಸಭೆಯೇ ತಿರುಗಿ ನೋಡಿತು. ಅಪ್ಪನೊಬ್ಬ ತಿರುಗಲಿಲ್ಲ.

"ಸರ್ವಾನುಮತ," ಎಂದಿತು ಮೈಕು.

ಸಭೆ ಮುಗಿದು ಬಾಗಿಲು ತೆರೆಯಿತು. ಗೆಳೆಯ ತಲೆ ತಗ್ಗಿಸಿಕೊಂಡು ಅವಳ ಮುಂದೆಯೇ ನುಸುಳಿಹೋದ. ಅಪ್ಪ ನಗುನಗುತ್ತ ಬಂದು ಮಗಳ ಭುಜ ಅಲುಗಾಡಿಸಿದ. ತನ್ನ ದನಿ ತನಗೇ ಕೇಳದವನಲ್ಲವೇ, ಬೀದಿಗೆಲ್ಲ ಕೇಳುವಂತೆ ಕೂಗಿದ:

"ನೋಡಿದ್ಯಾ ಮಗಳೇ, ಸುಮ್ಮನೆ ಹೆದರಿಬಿಟ್ಟಿದ್ವಿ. ಒಬ್ಬನಾದ್ರೂ ನನ್ನ ಕೈ ಬಿಟ್ನಾ?"