ಉಳವಪ್ಪನಿಗೆ ಹೇಳಬಾರದು

ಮೊದಲು ಉಳವಪ್ಪನ ಫೋನು ಕೈಗೆ ಬರಬೇಕಿತ್ತು.

ಸ್ವರೂಪ್ ಅಡುಗೆಮನೆಯ ಬಾಗಿಲಾಚೆ ನಿಂತು ಮುಖ ಒರೆಸಿಕೊಂಡ. ಆಗಷ್ಟೇ ನರಗುಂದದಿಂದ ಉಳವಪ್ಪನ ತಂಗಿ ನೇತ್ರಾ ಫೋನ್ ಮಾಡಿದ್ದಳು.

"ಕಾರು ಪಲ್ಟಿ ಆತಣ್ಣಾ. ಅಪ್ಪ ಹೋದ. ಉಳವಪ್ಪಣ್ಣಗ ಹೇಳಬ್ಯಾಡ್ರಿ, ಅಷ್ಟು ದೂರದಾಗ ಏನರ ಮಾಡ್ಕೊಂಡಾನು. ಹೆಂಗರ ಮಾಡಿ ಕರ್ಕೊಂಡು ಬರ್ರಿ. ನೀವೂ ಬರಲೇಬೇಕು."

ಕೂಡಲೇ ತನ್ನ ಅವ್ವನಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. ಅವನ ಮನೆ, ಉಳವಪ್ಪನ ಮನೆ ಎರಡೂ ಒಂದೇ ಓಣಿಯಲ್ಲಿದ್ದವು. ಸಾವಿನ ಮನೆಗೆ ಓಡಿರುತ್ತಾಳೆ ಅಂದುಕೊಂಡ.

ಜರ್ಮನಿಯ ಈ ಕೃಷಿ ಕಾಲೇಜಿಗೆ ಉಳವಪ್ಪನನ್ನು ಕರೆಸಿಕೊಂಡವನೇ ಸ್ವರೂಪ್. ವಿದ್ಯಾರ್ಥಿ ಸಂಘದ ಹಳೆಯ ಮನೆಯಲ್ಲಿ ತನ್ನ ಪಕ್ಕದ ಕೋಣೆಯನ್ನೇ ಕೊಡಿಸಿದ್ದ. ಈ ವರ್ಷ ಸಂಘ ಸ್ವರೂಪನನ್ನು ನಾಯಕನನ್ನಾಗಿ ಆರಿಸಿತ್ತು. ಇವತ್ತು ಬೇಸಿಗೆಯ ಹಬ್ಬ. ಉಳವಪ್ಪನ ಎದೆಗೆ ಹಸಿರು ಪಟ್ಟಿ ತೊಡಿಸಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಮಾಡಬೇಕಿತ್ತು.

ಉಳವಪ್ಪ ಒಲೆಯ ಮುಂದೆ ಉಪ್ಪಿಟ್ಟು ಕೆದಕುತ್ತಿದ್ದ. ಕಣ್ಣು ಕೆಂಪಗಿದ್ದವು. ಉಳ್ಳಾಗಡ್ಡಿ ಹೆಚ್ಚಿರಬೇಕು ಅಂದುಕೊಂಡ ಸ್ವರೂಪ್.

"ನಿನ್ನ ಫೋನ್ ಕೊಡು, ಒಂದು ಕರೆ ಮಾಡೂದೈತಿ," ಎಂದ ಸ್ವರೂಪ್.

"ತಗೋ. ನಿನ್ನದು ಇತ್ತ ಕೊಡು, ಚಾರ್ಜಿಗೆ ಹಾಕ್ತೀನಿ."

ಇಷ್ಟು ಸುಲಭವಾಗಿ ಆಗುತ್ತದೆಂದು ಸ್ವರೂಪ್ ಎಣಿಸಿರಲಿಲ್ಲ. ಉಳವಪ್ಪನ ಫೋನು ಬಂದ್ ಮಾಡಿ ಕಿಸೆಗೆ ಸೇರಿಸಿದ.

"ಉಳವಪ್ಪಾ, ಇವತ್ತ ಊರಿಗೆ ಹೋಗೂಣು. ಪ್ರಯೋಗಕ್ಕ ನಮ್ಮ ಕಡೆಯ ಜೋಳದ ಬೀಜ ಬೇಕಾಗ್ಯಾವ."

ಮೇ ತಿಂಗಳಲ್ಲೇ ಬಿತ್ತಿ ಮುಗಿದಿದ್ದ ಪ್ರಯೋಗಕ್ಕೆ ಈಗ ಬೀಜ! ಎಂಥ ಹುಚ್ಚು ಸುಳ್ಳು. ಆದರೆ ಉಳವಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಹೋಗೂಣಣ್ಣಾ. ಮೊದಲ ಇಷ್ಟು ತಿನ್ನು. ಮುಂದ ಯಾವಾಗ ತಿಂತೀಯೋ ಏನೋ."

ಪಾಪದ ಹುಡುಗ. ಸ್ವರೂಪ್ ಎರಡು ತುತ್ತು ತಿಂದು ಎದ್ದ.

ಉಪನಾಯಕ ಯೋನಾಸ್ ಅಂಗಳದಲ್ಲಿ ಬೆಂಚು ಜೋಡಿಸುತ್ತಿದ್ದ. ಸ್ವರೂಪ್ ಅವನೊಬ್ಬನಿಗೆ ವಿಷಯ ಹೇಳಿದ. ಯೋನಾಸ್ ಬೆಂಚಿನ ಮೇಲೆ ಕುಸಿದು ಕುಳಿತ.

"ಉಳವಪ್ಪನ ತಂದೆಯಾ? ಸರಿಯಾಗಿ ಕೇಳಿಸಿಕೊಂಡೆಯಾ?"

"ಅವನ ತಂಗಿಯೇ ಹೇಳಿದಳು. ಅವನಿಗೆ ಗೊತ್ತಾಗಬಾರದು, ಆಣೆ ಮಾಡು. ಇಬ್ಬರಿಗೂ ಟಿಕೆಟ್ ಬೇಕು."

"ಟಿಕೆಟ್ ಆಗಿದೆ."

"ಆಗಲೇ?"

ಯೋನಾಸ್ ಎದ್ದು ಸ್ವರೂಪನನ್ನು ಬಿಗಿಯಾಗಿ ಅಪ್ಪಿಕೊಂಡ. ಬಿಡಲೇ ಇಲ್ಲ.

ಅತಿಥಿಗಳು ಬರುವ ಮೊದಲೇ ಪಟ್ಟಿ ತೊಡಿಸುವ ಶಾಸ್ತ್ರ ಮುಗಿಸಿದರು. ಸ್ವರೂಪ್ ಪಟ್ಟಿಯ ಗುಂಡಿ ಹಾಕಿದ.

"ನಿನ್ನ ಕಷ್ಟ ಇನ್ನು ನನ್ನದು," ಎಂದು ನಾಯಕ ಹೇಳಬೇಕು. ಹೇಳಿದ.

"ನಿನ್ನ ಕಷ್ಟ ಇನ್ನು ನನ್ನದು," ಎಂದು ಹೊಸ ಸದಸ್ಯ ತಿರುಗಿ ಹೇಳಬೇಕು. ಉಳವಪ್ಪ ಹೇಳುವಾಗ ದನಿ ಒಡೆಯಿತು. ಯೋನಾಸ್ ಮುಖ ತಿರುಗಿಸಿಕೊಂಡ.

ವಿಮಾನ ನಿಲ್ದಾಣದ ಎಸ್-ಬಾನ್ ರೈಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಉಳವಪ್ಪ ಮತ್ತೆ ಮತ್ತೆ ನೀರಿನ ಬಾಟಲಿ ಚಾಚುತ್ತಿದ್ದ. ಆ ಕಾಳಜಿ ಸ್ವರೂಪನನ್ನು ಇರಿಯುತ್ತಿತ್ತು. ಊರಿಗೆ ಹೋಗಿ, ಮನೆಯ ಮುಂದೆ ನೆರೆದ ಜನ ನೋಡಿ ಇವನಿಗೆ ತಿಳಿಯಬೇಕೇ? ನಾಯಕನಾದವನು, ಅಣ್ಣ ಅನ್ನಿಸಿಕೊಂಡವನು, ಅಷ್ಟೂ ಹೇಳಲಾರದವನೇ? ಬೇಡ. ವಿಮಾನ ಹತ್ತುವ ಮೊದಲು ತಾನೇ ಹೇಳಿಬಿಡಬೇಕು.

ಹತ್ತುವವರ ಸಾಲು ಕದಲಿತು. ಸ್ವರೂಪ್ ಅವನನ್ನು ಪಕ್ಕಕ್ಕೆ ಎಳೆದ.

"ಉಳವಪ್ಪಾ, ನಿನಗೊಂದು ಮಾತು..."

ಮುಂದಿನದು ಬರಲಿಲ್ಲ. ಅಳು ಬಂತು. ಎಲ್ಲರೆದುರು, ಸಣ್ಣ ಕೂಸಿನಂತೆ.

ಉಳವಪ್ಪ ಅವನನ್ನು ಎದೆಗೆ ಒತ್ತಿಕೊಂಡ. "ಗೊತ್ತಣ್ಣಾ. ನನಗ ಮುಂಜಾನೆನ ಗೊತ್ತಾತು. ನಿಮ್ಮ ಮಾವ ಫೋನ್ ಮಾಡಿದ್ರು. ನಿನಗ ಹೇಳಬ್ಯಾಡ ಅಂದ್ರು."

ಸ್ವರೂಪ್ ತಲೆಯೆತ್ತಿದ. "ನನಗ? ನನಗ್ಯಾಕ?"

"ನಿಮ್ಮಪ್ಪಾರು ಹೋದ್ರಣ್ಣಾ," ಉಳವಪ್ಪ ಬಿಕ್ಕಿದ, "ಧೈರ್ಯ ತಗೋ, ಅದ ಕಾರಿನಾಗಿದ್ದ ನಮ್ಮಪ್ಪ ಉಳಕೊಂಡಾನಂತ, ನಾವು ಹೋಗೂತನಾ ಎಲ್ಲಾ ಆಂವ ನೋಡ್ಕೋತಾನ."